ಸುರುಳಿ ಹುಳ ತಂದವರು

ಹೋದ ತಿಂಗಳು ಒಂದು ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ದೊಡ್ಡಮನೆ ತಮ್ಮಯ್ಯ. ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ಹಿಂದಿನವರಿಗೆಲ್ಲ ಕೇಳುವ ಹಾಗೆ ಹೇಳಿದ.

“ತೀರ್ಕಂಡ್ನಂತೆ ಕಣ್ರಪ್ಪಾ, ಆ ಚಿಟ್ಟೆ ಸಾಹೇಬ.”

“ಯಾವ ಚಿಟ್ಟೆ ಸಾಹೇಬ?” ಅಂದ ಹಾಲು ಅಳೆಯುವವನು. ಅವನು ಆಗ ಹುಟ್ಟಿರಲಿಲ್ಲ.

“ಅದೇ ಕಣ್ಲಾ, ರೇಷ್ಮೆ ಕಾಲ್ದಾಗೆ ಇಲ್ಲಿದ್ನಲ್ಲ. ಬಾಟ್ಲಿನಾಗೆ ಸಾಕ್ಕಂಡು ಊರ್ಗೆಲ್ಲಾ ಸುರುಳಿ ಹುಳ ತಂದು ಬುಟ್ನಲ್ಲ, ಅವ್ನು.”

ಸಾಲಿನಲ್ಲಿದ್ದವರು ನಕ್ಕರು. ನನ್ನ ಕೈಯಲ್ಲಿ ತುಂಬಿದ ಕ್ಯಾನಿತ್ತು. ಅದನ್ನು ತಮ್ಮಯ್ಯನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಹಾಲು ದಂಡವಾಗುತ್ತದೆ ಎಂದು ಸುಮ್ಮನಾದೆ. ಅಳೆಸಿ ಮನೆಗೆ ಬಂದೆ. ಬಂದವಳು ಹಸುವಿಗೆ ಬೈದೆ, ಒಲೆಗೆ ಬೈದೆ, ಬಾಗಿಲಿಗೆ ಬಂದ ತರಕಾರಿಯವನಿಗೂ ಬೈದೆ. ಬೈಯಬೇಕಾದವನಿಗೆ ಬೈಯಲಿಲ್ಲ.

ಆ ಮನುಷ್ಯ ಹುಳ ತಂದವರಲ್ಲ. ಅದನ್ನು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಹೇಳುವುದಿಲ್ಲ. ಈ ಊರು ಅವರ ಹೆಸರನ್ನು ಬಾಯಲ್ಲಿ ಹಾಕಿಕೊಂಡು ಅಗಿದದ್ದು ಸಾಕು.

ಆಗ ನಮ್ಮ ವಿರೂಪಾಕ್ಷಿಪುರದ ಕಡೆಗೆಲ್ಲ ರೇಷ್ಮೆಯ ಹುಚ್ಚು. ರಾಗಿ ಹೊಲ ಕಿತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟರು. ಹುಳ ನಡುಮನೆಗೆ ಬಂತು, ಮನುಷ್ಯರು ಜಗಲಿಗೆ ಹೋದರು. ಹುಳ ಪೊರೆ ಕಳಚುವುದಕ್ಕೆ ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳ ಮನೆಯಲ್ಲಿದ್ದರೆ ಒಡಹುಟ್ಟಿದವಳು ಬಂದರೂ ಬಾಗಿಲಲ್ಲೇ ನೀರು ಕೊಟ್ಟು ಕಳಿಸುತ್ತಿದ್ದೆವು. “ಮನೇಲಿ ಹುಳ ಐತೆ” ಅಂದರೆ ಸಾಕು, ಯಾರೂ ಮುನಿಯುತ್ತಿರಲಿಲ್ಲ. ಹೊರಗಿನವರ ಕಾಲಿನ ಜೊತೆ ರೋಗ ಬರುತ್ತದೆ ಎಂದು ಎಲ್ಲರೂ ನಂಬಿದ್ದೆವು. ಆ ನಂಬಿಕೆ ಪೂರಾ ಸುಳ್ಳೂ ಅಲ್ಲ. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಹಾಗೇ ಎಲ್ಲಿಂದಲೋ ಗೂಡಿನ ಜೊತೆ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆದಿತ್ತು.

ಈ ಸಾಹೇಬರು ರೇಷ್ಮೆ ಇಲಾಖೆಯ ಕೆಲಸಕ್ಕೆಂದು ಹೋಬಳಿಗೆ ಬಂದಿದ್ದರು. ಮನೆಮನೆಗೆ ಹೋಗಿ ತಟ್ಟೆ ತೊಳೆಯುವುದು ಹೇಗೆ, ರೋಗದ ಹುಳ ಹೂಳುವುದು ಹೇಗೆ ಎಂದು ಹೇಳಿಕೊಡುವ ಕೆಲಸ. ಬೇರೆ ಸೀಮೆಯವರು, ಒಬ್ಬರೇ. ಸರ್ಕಾರದ ಕೆಲಸ ಮಾಡಿ ಮುಗಿಸಿ, ಉಳಿದ ಹೊತ್ತಿನಲ್ಲಿ ಹುಲ್ಲಿನಲ್ಲಿ ಬಿದ್ದಿರುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಬೆನ್ನಿನ ಕಡೆಯಿಂದ. ಹುಲ್ಲು ಕುಯ್ಯಲು ಹೋದರೆ ನಮ್ಮ ಬದುವಿನಲ್ಲಿ ಪ್ಯಾಂಟು ಹಾಕಿದವನೊಬ್ಬ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ. ಯಾರಿಗಾದರೂ ಏನನ್ನಿಸಬೇಕೋ ನನಗೂ ಅದೇ ಅನ್ನಿಸಿತು.

“ಯಾವನ್ಲಾ ಅವ್ನು? ನಮ್ ಬದಾನ ನಿಮ್ಮಪ್ಪನ ಕಕ್ಕಸ್ಸು ಅಂದ್ಕಂಡಿದ್ದೀಯಾ? ಏಳ್ಲಾ ಮ್ಯಾಕೆ!”

ಅವರು ಏಳಲಿಲ್ಲ. ಕತ್ತಷ್ಟೇ ಹೊರಳಿಸಿ ನನ್ನ ಕಾಲಿನ ಕಡೆ ನೋಡಿ, ಕೈ ಎತ್ತಿ, “ಅಕ್ಕಾ, ಒಂದು ನಿಮಿಷ. ಕಾಲು ಎತ್ತಿಡಬೇಡಿ. ನಿಮ್ಮ ಮುಂದೇ ಒಂದಿದೆ” ಅಂದರು.

ಹಾವು ಎಂದುಕೊಂಡು ಕಲ್ಲಾದೆ. ಅವರು ಮಂಡಿಯೂರಿ ತೆವಳಿಕೊಂಡು ಬಂದು ನನ್ನ ಕಾಲ ಬುಡದ ಹುಲ್ಲಿನ ಕಡ್ಡಿ ತೋರಿಸಿದರು. ಒಣಗಿದ ಒಂದು ಸಿಬರು ಅದಕ್ಕೆ ಅಂಟಿತ್ತು. ಅವರು ಮೆಲ್ಲಗೆ ಊದಿದರು. ಸಿಬರು ಹಾರಿತು. ಎರಡು ಮಾರು ಆಚೆ ಇನ್ನೊಂದು ಹುಲ್ಲಿನ ಮೇಲೆ ತಲೆ ಕೆಳಗಾಗಿ ಕೂತು, ರೆಕ್ಕೆಯನ್ನು ಬೀಡಿ ಸುತ್ತಿದ ಹಾಗೆ ಮೈಗೆ ಸುತ್ತಿಕೊಂಡು ಮತ್ತೆ ಸಿಬರಾಯಿತು.

ಕುಡುಗೋಲು ಹಿಡಿಯಲು ಬಂದಾಗಿನಿಂದ ಹುಲ್ಲು ಕುಯ್ದವಳು ನಾನು. ಕುಡುಗೋಲಿನ ಮುಂದೆ ಇವು ಹಾರುವುದನ್ನು ದಿನಾ ನೋಡಿದ್ದೇನೆ. ಹೊಟ್ಟು ಎಂದೇ ತಿಳಿದಿದ್ದೆ.

“ಇದು ಹುಲ್ಲಿನ ಚಿಟ್ಟೆ ಅಕ್ಕಾ. ಮೂತಿ ನೋಡಿ” ಅಂದರು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಕೊಟ್ಟರು. ನೋಡಿದೆ. ಬೆಳಿಗ್ಗೆ ಬೇವಿನ ಕಡ್ಡಿ ಬಾಯಲ್ಲಿ ಕಚ್ಚಿಕೊಂಡು ಕೆರೆಯ ಕಡೆಗೆ ಹೊರಟ ಗಂಡಸಿನ ಹಾಗೆ ಅದರ ಮೂತಿ ಮುಂದಕ್ಕೆ ಚಾಚಿತ್ತು. ಹಾಗೇ ಹೇಳಿದೆ. ಅವರು ಎಷ್ಟು ನಕ್ಕರೆಂದರೆ ಕೂತಲ್ಲೇ ಹಿಂದಕ್ಕೆ ಬಿದ್ದರು. ಆಮೇಲೆ ಆ ಜಾತಿಯನ್ನು ಯಾರಿಗೆ ತೋರಿಸಿದರೂ “ಬೇವಿನ ಕಡ್ಡಿಯವರು” ಎಂದೇ ಹೇಳುತ್ತಿದ್ದರು.

ಊರಿಗೆ ಅವರು ನಗೆಪಾಟಲು. ಛತ್ರಿಯನ್ನು ತಲೆಕೆಳಗಾಗಿ ಬಿಚ್ಚಿ ಪೊದೆಯ ಕೆಳಗೆ ಹಿಡಿದು, ಪೊದೆ ಅಲ್ಲಾಡಿಸಿ, ಒಳಗೆ ಉದುರಿದ್ದನ್ನು ನೋಡುತ್ತಿದ್ದರು. “ಮಳೆನಾ ಕೆಳುಗ್ಲಿಂದ ಹಿಡೀತಾರೆ ಸಾಹೇಬ್ರು” ಎಂದು ತಮ್ಮಯ್ಯ ಆಡಿಕೊಳ್ಳುತ್ತಿದ್ದ. ಹರಿದ ಹವಾಯಿ ಚಪ್ಪಲಿ ಎಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುತ್ತಿದ್ದರು. ಅದನ್ನು ತೆಳ್ಳಗೆ ಕುಯ್ದು ಪೆಟ್ಟಿಗೆಯ ತಳಕ್ಕೆ ಹಾಸಿ, ಅದರ ಮೇಲೆ ಚಿಟ್ಟೆಗಳನ್ನು ಸೂಜಿಯಿಂದ ಚುಚ್ಚಿ ನಿಲ್ಲಿಸುತ್ತಿದ್ದರು. ಪೆಟ್ಟಿಗೆಗಳನ್ನು ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರು ಮಾಡಿಕೊಟ್ಟಿದ್ದರು. ಗೊಂಬೆ ಮಾಡುವ ಹಾಲೆ ಮರದ್ದೇ. ಮುಚ್ಚಳ ತೆಗೆದರೆ ನುಸಿ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆ ವಾಸನೆ ರೇಷ್ಮೆ ಹುಳಕ್ಕೆ ಆಗದು ಎಂದು, ಮನೆಗಳಿಗೆ ಹೋಗುವ ಮುಂಚೆ ಬಾವಿಯಲ್ಲಿ ಸ್ನಾನ ಮಾಡಿ ಅಂಗಿ ಬದಲಾಯಿಸುತ್ತಿದ್ದರು. ಅಷ್ಟು ಜೋಪಾನ ಊರಿನ ಒಬ್ಬ ಗಂಡಸಿಗೂ ಇರಲಿಲ್ಲ. ನಮ್ಮೂರಿನವರು ಬೀಡಿ ಸೇದಿದ ಕೈಯಲ್ಲೇ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು.

ಪ್ರಾಣಿ ಕೊಂದ ಪಾಪ ಎಂದು ಕೆಲವರು ಅವರಿಗೆ ಹೇಳಿದ್ದೂ ಉಂಟು. ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯಲಿ ಎಂದು ರಾಮನಗರಕ್ಕೆ ಮೂಟೆಗಟ್ಟಲೆ ಸಾಗಿಸುವವರು! ನನಗೆ ಮೈ ಉರಿಯಿತು.

ಹುಲ್ಲು ಕುಯ್ಯುವಾಗ ಹೊಸ ಬಣ್ಣದ್ದು ಕಂಡರೆ ನಾನೂ ಹಿಡಿದುಕೊಡಲು ಶುರು ಮಾಡಿದೆ. ಅವರಿಗೆ ಬೇಕು, ನನಗೆ ಹೇಗೂ ಹುಲ್ಲಿನಲ್ಲೇ ಕೆಲಸ. ಪೆಟ್ಟಿಗೆ ತೆರೆದು ಇದು ಯಾವ ಮನೆಯದು, ಅದು ಯಾವ ಮನೆಯದು ಎಂದು ಹೇಳುತ್ತಿದ್ದರು.

“ಹುಲ್ಲಿನ ಚಿಟ್ಟೆ ಅನ್ನೋದು ದೊಡ್ಡ ಮನೆತನ ಅಕ್ಕಾ. ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಮೇಲೆ ಜಾತಿ. ಹೆಸರು ಹುಲ್ಲಿನದು, ಆದರೆ ಎಲ್ಲರೂ ಹುಲ್ಲು ತಿನ್ನಲ್ಲ. ಈ ಹಳದಿಯದು ನೋಡಿ, ರೆಕ್ಕೆಗೊಂದು ಕರಿ ಚುಕ್ಕೆ. ಇದರ ಮರಿ ಭತ್ತದ ಕಾಂಡದೊಳಗೆ ಇರುತ್ತೆ. ಈ ಬಿಳಿಯದು, ಹೊಟ್ಟೆ ಮೇಲೆತ್ತಿ ಕೂರುತ್ತಲ್ಲ, ಬದನೆಕಾಯಿ ಹುಳದ ತಾಯಿ. ರೆಕ್ಕೆಯಲ್ಲಿ ಗಾಜಿನ ಕಿಟಕಿ ಇರೋದು ನಿಮ್ಮ ಅವರೆಕಾಯಿ ಕೊರೆಯೋದು. ಬಾಲದಲ್ಲಿ ಕುಚ್ಚು ಇರೋದು ಸೌತೆ ಬಳ್ಳಿಯದು.”

ನಾನು ಬದನೆಕಾಯಿ ಹೆಚ್ಚುವಾಗ ಬೈದು ಬಿಸಾಡಿದ ಹುಳಕ್ಕೆ ಇಂಥ ಚೆಂದದ ತಾಯಿ ಇದ್ದಳೆಂದು ಅವತ್ತು ಗೊತ್ತಾಯಿತು. ಚೆಂದವಾದರೇನು, ಬದನೆಕಾಯಿ ಹೋಗಿದ್ದು ಹೋಗಿದ್ದೇ.

“ಇನ್ನೊಂದು ಕವಲಿನ ಮರಿ ನೀರಿನೊಳಗೆ ಬೆಳೆಯುತ್ತೆ” ಅಂದರು ಒಮ್ಮೆ.

“ಸುಳ್ಳು ಹೇಳ್ಬೇಡಿ ಸಾ. ಚಿಟ್ಟೆ ಮರಿ ನೀರ್ನಾಗೆ ಇದ್ರೆ ಅದು ಮೀನು.”

ಮರುದಿನವೇ ಊರ ಕೆರೆಗೆ ಮಂಡಿಯವರೆಗೆ ಇಳಿದು, ತಾವರೆ ಎಲೆ ಎತ್ತಿ ತಂದರು. ಎಲೆಯ ಅಡಿಯಲ್ಲಿ ಎರಡು ಎಲೆ ಚೂರು ಸೇರಿಸಿ ಹೊಲಿದ ಸಣ್ಣ ಚೀಲ. ಬಿಚ್ಚಿದರೆ ಒಳಗೆ ಜೀವಂತ ಹುಳ. ನಾನು ಸೋತೆ ಎಂದು ಒಪ್ಪಿಕೊಂಡೆ. ನೋಡಿದರೆ ಒಪ್ಪಿಕೊಳ್ಳುತ್ತೇನೆ, ನಾನು ತಮ್ಮಯ್ಯನಲ್ಲ.

ಇನ್ನೊಂದು ಮಾತು ಹೇಳಿದ್ದರು. ಈ ಚಿಟ್ಟೆಗಳಿಗೆ ಕಿವಿ ಹೊಟ್ಟೆಯಲ್ಲಿರುತ್ತದಂತೆ. ಬಾವಲಿ ಬರುವ ಸದ್ದು ಕೇಳುವುದಕ್ಕೆ. ಮೊದಲು ಇವುಗಳನ್ನೂ ಹೀಗೇ ಮೂತಿ ಚಾಚಿದ ಇನ್ನೊಂದು ಚಿಟ್ಟೆಯ ಕುಲವನ್ನೂ ಒಂದೇ ಮನೆ ಎಂದು ಇಟ್ಟಿದ್ದರಂತೆ. ಆಮೇಲೆ ತಿಳಿದವರು ಕಿವಿಯನ್ನು ಬಿಡಿಸಿ ನೋಡಿ, ಇವುಗಳ ಕಿವಿಯ ಹತ್ತಿರ ಒಂದು ಪೊರೆಯ ಮಡಿಕೆ ಇದೆ, ಅವುಗಳಿಗೆ ಇಲ್ಲ ಎಂದು ಎರಡು ಮನೆ ಮಾಡಿದರಂತೆ.

“ನಮ್ ಭಾವದೀರು ತೆಂಗಿನ ಮರ ನೋಡಿ ಭಾಗ ಆದ್ರು. ಇವು ಕಿವಿ ನೋಡಿ ಭಾಗ ಆದ್ವಾ ಸಾ?” ಅಂದೆ.

ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿ ಉದುರುವ ಹಾಗೆ ನಕ್ಕರು. “ಭಾಗ ಆದದ್ದು ಅವಲ್ಲ ಅಕ್ಕಾ. ಅವು ಇದ್ದ ಹಾಗೇ ಇವೆ. ನಾವು ತಪ್ಪು ತಿಳಿದಿದ್ವಿ, ತಿದ್ದಿಕೊಂಡ್ವಿ. ಅಷ್ಟೆ.”

ತಪ್ಪು ತಿಳಿದಿದ್ದೆವು, ತಿದ್ದಿಕೊಂಡೆವು. ಇಷ್ಟು ಹೇಳುವುದಕ್ಕೆ ಈ ಊರಿಗೆ ಮೂವತ್ತು ವರ್ಷವಾದರೂ ಬಾಯಿ ಬಂದಿಲ್ಲ.

ಅವರಿಗೆ ಒಂದು ಹಟವಿತ್ತು. ಪ್ರತಿ ಚಿಟ್ಟೆಯ ಕೆಳಗೂ ಉಗುರಗಲದ ಚೀಟಿ ಇರಬೇಕು. ಎಲ್ಲಿ ಸಿಕ್ಕಿತು, ಯಾವ ಗಿಡದ ಮೇಲೆ, ಯಾವ ತಾರೀಖು, ಯಾರಿಗೆ ಸಿಕ್ಕಿತು. “ಕಂಡದ್ದು ಬರೀಬೇಕು, ಅಂದುಕೊಂಡದ್ದು ಬರೀಬಾರದು” ಎನ್ನುತ್ತಿದ್ದರು. ನಾನು ಹಿಡಿದುಕೊಟ್ಟದ್ದಕ್ಕೆ ನನ್ನ ಹೆಸರೇ ಹಾಕುತ್ತಿದ್ದರು. ಸರ್ಕಾರದವರೊಬ್ಬರು ನನ್ನ ಹೆಸರನ್ನು ಬರೆದದ್ದು ಅದಕ್ಕೆ ಮುಂಚೆ ಪಡಿತರ ಚೀಟಿಯಲ್ಲಿ ಮಾತ್ರ, ಅದೂ ತಪ್ಪಾಗಿ. ಆ ಚೀಟಿಗಳನ್ನು ನೋಡಿ ನೋಡಿಯೇ ನಾನು ಅಕ್ಷರ ಕೂಡಿಸುವುದನ್ನು ಕಲಿತೆ. ಚೀಟಿಯಷ್ಟು ಬರೆಯುವುದನ್ನು ಕಲಿತವಳಿಗೆ ಇಷ್ಟುದ್ದ ಬರೆಯುವುದು ಎಷ್ಟು ಕಷ್ಟವೆಂದು ಓದುವವರಿಗೆ ಗೊತ್ತಾಗಲಾರದು. ಇರಲಿ.

ಈಗ ಹುಳದ ವಿಷಯ.

ಗಂಡ ತೀರಿಕೊಂಡ ಮೇಲೆ ನನ್ನೊಬ್ಬಳ ಕೈಯಲ್ಲಿ ಹುಳ ಮೇಯಿಸಲು ಆಗುತ್ತಿರಲಿಲ್ಲ. ಮುಕ್ಕಾಲು ಎಕರೆ ತೋಟದ ಸೊಪ್ಪನ್ನು ಹೊರೆ ಕಟ್ಟಿ ಮಾರುತ್ತಿದ್ದೆ. ನನ್ನ ಮನೆಯ ಒಲೆ ಅದರಲ್ಲೇ ಉರಿಯುತ್ತಿತ್ತು. ಆ ವರ್ಷ ಗೌರಿ ಹಬ್ಬಕ್ಕೆ ಎಂಟು ದಿನ ಇರುವಾಗ ತೋಟದ ಕೆಳಗಿನ ಸಾಲಿನಲ್ಲಿ ಕೆಲವು ಗಿಡದ ತುದಿ ಎಲೆಗಳು ಬೀಡ ಕಟ್ಟಿದ ಹಾಗೆ ಸುತ್ತಿಕೊಂಡಿದ್ದವು. ಬಿಡಿಸಿದರೆ ನೂಲಿನ ಎಳೆ. ಒಳಗೆ ಹಸಿರು ಹುಳ, ಸಾಸಿವೆಯಂಥ ಕರಿ ಹಿಕ್ಕೆ. ಎಲೆಯ ಹಸಿರೆಲ್ಲ ಕೆರೆದು ತಿಂದು ಜಾಲರಿ ಮಾಡಿತ್ತು. ಅಂಥ ಹುಳವನ್ನು ಕಡ್ಡಿ ತೋಟದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ನಾಲ್ಕು ತುದಿ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಅವರ ಹತ್ತಿರ ಹೋದೆ. ಗಾಜು ಹಾಕಿ ನೋಡಿದರು. ಕೆಲವನ್ನು ಬಾಟಲಿಗೆ ಹಾಕಿ ಎಲೆ ಹಾಕಿದರು. ಒಂದು ಹುಳವಾಗಲೇ ಒಣ ಎಲೆಯ ಮಡಿಕೆಯಲ್ಲಿ ಕೋಶ ಕಟ್ಟಿಕೊಂಡಿತ್ತು, ಅದು ಎರಡೇ ದಿನಕ್ಕೆ ಒಡೆದು ಚಿಟ್ಟೆ ಬಂತು. ಮಾಸಲು ಬಿಳಿ, ಕಂದು ಪಟ್ಟೆ, ಹೆಬ್ಬೆರಳ ಉಗುರಿನಷ್ಟು. ಮೂತಿ ನೋಡಿದರು. ಹೊಟ್ಟೆಯ ಕಿವಿ ನೋಡಿದರು.

“ಅಕ್ಕಾ, ಇದೂ ಅದೇ ಮನೆತನದ್ದು. ಹಿಪ್ಪುನೇರಳೆಗೆ ಬಂದಿದೆ. ಇಲ್ಲಿ ಇದನ್ನು ನಾನು ನೋಡಿರಲಿಲ್ಲ” ಅಂದರು. ಚೀಟಿ ಬರೆದರು. ಎಲ್ಲಿ, ಯಾವ ಎಲೆ, ನಾನು ಹುಳ ತಂದ ತಾರೀಖು. ಕೊನೆಯಲ್ಲಿ ನನ್ನ ಹೆಸರು.

ಹೆಸರು ಓದಿದ ಕೂಡಲೇ ಚೀಟಿಗೆ ಕೈ ಅಡ್ಡ ಇಟ್ಟೆ. “ಸಾ, ನನ್ ತೋಟ ಅಂತ ಯಾರ್ಗೂ ಹೇಳ್ಬೇಡಿ. ಗೊತ್ತಾದ್ರೆ ನನ್ ಸೊಪ್ಪ ಒಬ್ನೂ ಮುಟ್ಟಕಿಲ್ಲ. ಬೇಲಿ ಕಿತ್ತು ತೋಟಕ್ಕೆ ಬೆಂಕಿ ಮಡಗ್ತಾರೆ.”

“ಹುಳ ಬಂದಿದೆ ಅಂತ ಹೇಳಲೇಬೇಕು ಅಕ್ಕಾ. ನಿಮ್ಮ ತೋಟ ಅಂತ ಹೇಳಲ್ಲ.”

ಅವರು ಹೇಳಿಕೊಟ್ಟ ಹಾಗೆ ನಾನು ಸುತ್ತಿಕೊಂಡ ತುದಿಗಳನ್ನೆಲ್ಲ ಚಿವುಟಿ ಸೋಪಿನ ನೀರಿನಲ್ಲಿ ಅದ್ದಿ ಹೂತೆ. ತೋಟಕ್ಕೆ ತುಂಬ ನೀರು ಹಾಯಿಸಿದೆ, ಮಣ್ಣಿನಲ್ಲಿದ್ದ ಕೋಶ ಸಾಯಲಿ ಎಂದು. ನನ್ನ ತೋಟ ಉಳಿಯಿತು. ಅವರು ಹಬ್ಬಕ್ಕೆ ತಮ್ಮ ಊರಿಗೆ ಹೋಗಿ, ಮೂರೇ ದಿನಕ್ಕೆ ವಾಪಸು ಬಂದು ಮನೆಮನೆಗೂ ತಿರುಗಿದರು. “ತುದಿ ಸುತ್ತಿಕೊಂಡಿದ್ದರೆ ಚಿವುಟಿ. ಔಷಧಿ ಹೊಡೀಬೇಡಿ, ಆ ಸೊಪ್ಪು ತಿಂದ ರೇಷ್ಮೆ ಹುಳ ಉಳಿಯಲ್ಲ.” ನನ್ನ ತೋಟದ ಸುತ್ತಲಿನವರಿಗೆ ಮೊದಲು ಹೇಳಿದರು, ಅಲ್ಲಿಗೇ ಮೊದಲು ಹರಡುತ್ತದೆ ಎಂದು. ಮೇಲಿನ ಕಚೇರಿಗೂ ಬರೆದರು. ರೇಷ್ಮೆ ಹುಳ ನೋಡಿಕೊಳ್ಳಲು ಸಂಬಳ, ಹುಲ್ಲಿನ ಹುಳ ಹುಡುಕಲು ಅಲ್ಲ ಎಂಬಂತೆ ಉತ್ತರ ಬಂತು. ಅದನ್ನು ನನಗೆ ಓದಿ ಹೇಳಿ, ಮಡಚಿ ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ಅವರಿಗೆ ಬೈಯಲು ಬರುತ್ತಿರಲಿಲ್ಲ, ಅದೇ ಅವರ ದೊಡ್ಡ ಕೊರತೆ.

ಊರಿನಲ್ಲಿ ಯಾರು ಕೇಳಿದರು? ಒಂದೊಂದೇ ತುದಿ ಚಿವುಟುವುದು ಹೇನು ನೋಡುವ ಕೆಲಸ, ಗಂಡಸು ಮಾಡುವುದಲ್ಲ ಎಂದರು. ತಮ್ಮಯ್ಯನಂತೂ ತನ್ನ ತೋಟದ ಸುತ್ತಿದ ಎಲೆ ಬಿಚ್ಚಿ ನೂಲು ತೋರಿಸಿ, “ಕಡ್ಡಿನೇ ಗೂಡು ಕಟ್ಟಕ್ಕೆ ಸುರು ಮಾಡೈತೆ ಕಣ್ರಲೇ. ಇನ್ ಹುಳ ಯಾಕೆ?” ಎಂದು ನಗಿಸಿದ.

ದಸರಾ ಹೊತ್ತಿಗೆ ನಗು ನಿಂತಿತು. ತೋಟಕ್ಕೆ ತೋಟವೇ ಸುಟ್ಟ ಹಾಗಾಯಿತು. ಹುಳ ನಾಲ್ಕನೇ ಜ್ವರ ಎದ್ದು ಮೇವಿಗೆ ಬಾಯಿ ಬಿಡುತ್ತಿದೆ, ಹಾಕಲು ಸೊಪ್ಪಿಲ್ಲ. ಕೆಲವರು ಮಾತು ಮೀರಿ ಔಷಧಿ ಹೊಡೆದು, ಆ ಸೊಪ್ಪನ್ನೇ ಹಾಕಿ, ತಟ್ಟೆಗಟ್ಟಲೆ ಹುಳ ತಿಪ್ಪೆಗೆ ಸುರಿದರು. ಆಗ ಎಲ್ಲರಿಗೂ ಬುದ್ಧಿ ಬಂತು. ಎಂಥ ಬುದ್ಧಿ? ‘ಆತ ಯಾರ ತೋಟಕ್ಕೆ ಬಂದು ಹೇಳಿದನೋ ಅವರ ತೋಟಕ್ಕೇ ಹುಳ ಬಂತು. ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆಯೇ ಬಂತು. ಅಲ್ಲಿಂದ ಚೀಲದಲ್ಲಿ ತಂದಿದ್ದಾನೆ.’ ಹೊರಗಿನವರ ಕಾಲಿನ ಜೊತೆ ರೋಗ ಬರುತ್ತದೆ ಎಂದು ನಂಬಿದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಳೆ ಬರುತ್ತದೆ ಎಂದವನೇ ಮಳೆ ತಂದ ಎಂದ ಹಾಗಾಯಿತು. ಯಾರೋ ಅವರ ಕೋಣೆಯ ಕಿಟಕಿಯಲ್ಲಿ ಇಣುಕಿ, ಬಾಟಲಿಯೊಳಗೆ ಸುರುಳಿ ಹುಳ ಎಲೆ ತಿನ್ನುತ್ತಿರುವುದನ್ನು ಕಂಡು ಬಂದ ಮೇಲೆ ಮುಗಿದೇ ಹೋಯಿತು.

ಮರಿ ಹುಳ ಸಾಕಿ ಕೊಡುವ ಚಾಕಿ ಕಟ್ಟಡದ ಮುಂದೆ ಹಗಲು ಹತ್ತು ಗಂಟೆಗೆ ಜನ ಸೇರಿದರು. ನಾನು ಅಲ್ಲಿಗೇ ಸೊಪ್ಪಿನ ಹೊರೆ ಹೊತ್ತು ಹೋಗಿದ್ದೆ. ಉಳಿದ ತೋಟವೆಂದರೆ ನನ್ನದೇ ಆದ್ದರಿಂದ ಅವತ್ತು ನನ್ನ ಸೊಪ್ಪಿಗೆ ಬಹಳ ಮರ್ಯಾದೆ. ಅವರನ್ನು ಕೋಣೆಯಿಂದ ಕರೆತಂದಿದ್ದರು. ಪೆಟ್ಟಿಗೆಗಳನ್ನೂ ಹೊತ್ತು ತಂದಿದ್ದರು. ತಮ್ಮಯ್ಯ ಬಾಟಲಿ ಎತ್ತಿ ಹಿಡಿದ.

“ಇದೇನು ಸಾಹೇಬ್ರೇ?”

“ಸುರುಳಿ ಹುಳ.”

“ಒಪ್ಕಂಡ್ರಾ? ಎಲ್ಲಿಂದ ತಂದ್ರಿ?”

“ಎಲ್ಲಿಂದಲೂ ತರಲಿಲ್ಲ. ಈ ಊರಲ್ಲೇ ಸಿಕ್ಕಿತು. ಅದಕ್ಕೆ ರೆಕ್ಕೆ ಇದೆ, ತಾನೇ ಬರುತ್ತೆ.”

“ರೆಕ್ಕೆ ಐತಂತೆ! ಯಾರ್ ತೋಟ್ದಾಗೆ ಸಿಕ್ತು ಮೊದ್ಲು? ಹೇಳಿ ಮತ್ತೆ. ಹಬ್ಬಕ್ಕೆ ಮೊದ್ಲು ಇತ್ತು ಅಂತೀರಲ್ಲ, ಯಾರ್ ತೋಟ್ದಾಗಿತ್ತು?”

ಅವರು ಜನರ ಕಡೆ ನೋಡಿದರು. ಎಲ್ಲರನ್ನೂ ನೋಡಿದರು. ನನ್ನನ್ನೂ ನೋಡಿದರು, ಉಳಿದವರನ್ನು ನೋಡಿದಷ್ಟೇ ಹೊತ್ತು. ಆಮೇಲೆ ಕಣ್ಣು ಕೆಳಗೆ ಹಾಕಿ, “ಹೇಳಲ್ಲ” ಅಂದರು.

ನಾನು ತಲೆಯ ಮೇಲಿನ ಹೊರೆ ಇಳಿಸದೆ ನಿಂತಿದ್ದೆ. ಕತ್ತು ಮುರಿಯುವ ಹಾಗಾಗಿತ್ತು. ಬಾಯಿ ಬಿಡಲಿಲ್ಲ.

ಅವರನ್ನು ಯಾರೂ ಹೊಡೆಯಲಿಲ್ಲ. ಅದಕ್ಕಿಂತ ಕೀಳಾದದ್ದನ್ನು ಮಾಡಿದರು. ಗುಂಡಿ ತೋಡಿ, ಪೆಟ್ಟಿಗೆಗಳನ್ನು ಅದರಲ್ಲಿ ಬೋರಲು ಹಾಕಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಸುರಿದು, ಮಣ್ಣು ಮುಚ್ಚಿ ತುಳಿದರು. ರೋಗದ ಹುಳವನ್ನು ಹೂಳುವ ಕ್ರಮ ಅದು. ಆ ಕ್ರಮವನ್ನು ಮನೆಮನೆಗೆ ಹೋಗಿ ಹೇಳಿಕೊಟ್ಟವರು ಅವರೇ. ಪುಡಿ ಸಾಲದು ಎಂದು ಒಬ್ಬ ಕೂಗಿದಾಗ, ಸಾಕು ಎಂದೋ ಇನ್ನೂ ಬೇಕು ಎಂದೋ ಹೇಳುವವರ ಹಾಗೆ ಅಭ್ಯಾಸಬಲದಿಂದ ಅವರ ಕೈ ಮೇಲೆದ್ದಿತು. ಮತ್ತೆ ಇಳಿಯಿತು. ಭತ್ತದ್ದು, ಬದನೆಯದು, ಅವರೆಯದು, ಕೆರೆಯದು, ಬೇವಿನ ಕಡ್ಡಿಯವರು, ಎಲ್ಲವೂ ಒಂದೇ ಗುಂಡಿಗೆ ಹೋದವು. ವರ್ಷಗಟ್ಟಲೆಯ ಕೆಲಸ. ಮಣ್ಣು ಮುಚ್ಚಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ಊರಿನಿಂದ ಅರ್ಜಿ ಹೋಯಿತು. ಅವರಿಗೆ ದೂರದ ಕಡೆಗೆ ವರ್ಗವಾಯಿತು. ಬಸ್ಸು ಹತ್ತುವ ದಿನ ಬದುವಿನ ಹತ್ತಿರ ಬಂದರು. ನಾನು ಹುಲ್ಲು ಕುಯ್ಯುತ್ತಿದ್ದೆ, ತಲೆ ಎತ್ತಲಿಲ್ಲ. ಅವರು ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಕಲ್ಲಿನ ಮೇಲಿಟ್ಟರು.

“ಇದು ನಿಮ್ಮದು ಅಕ್ಕಾ. ನಿಮ್ಮ ಹೆಸರಿದೆ.”

ತೆರೆದು ನೋಡಿದೆ. ಅದೇ ಚಿಟ್ಟೆ, ಅದೇ ಚೀಟಿ. ಜನ ಬರುತ್ತಿರುವುದು ಕಂಡು ಅದೊಂದನ್ನು ಪೆಟ್ಟಿಗೆಯಿಂದ ಕಿತ್ತು ಜೇಬಿಗೆ ಹಾಕಿಕೊಂಡಿದ್ದರಂತೆ. ಅಂದರೆ ಗುಂಡಿ ತೋಡುವಷ್ಟು ಹೊತ್ತೂ ಅದು ಅವರ ಎದೆಯ ಮೇಲಿನ ಜೇಬಿನಲ್ಲೇ ಇತ್ತು. ತೆಗೆದು ತಾರೀಖು ತೋರಿಸಿದ್ದರೆ ಮುಗಿಯುತ್ತಿತ್ತು. ಹಬ್ಬಕ್ಕೆ ಎಂಟು ದಿನ ಮುಂಚಿನ ತಾರೀಖು, ಅವರು ಊರು ಬಿಟ್ಟು ಕದಲುವುದಕ್ಕೆ ಮುಂಚಿನದು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿಮ್ಗೇನು ಬಾಯಿಲ್ವಾ? ಮಡಿಕ್ಕಂಡು ಪೂಜೆ ಮಾಡಕ್ಕಾ ಇದ್ನ? ತೋರುಸ್ಬೇಕಿತ್ತು. ನಂದೇನೋ ಆಗೋಗ್ತಿತ್ತು, ನಿಮ್ ಪೆಟ್ಗೆನಾರ ಉಳೀತಿತ್ತಲ್ಲ!”

ಅವರು ಛತ್ರಿಯ ತುದಿಯಿಂದ ಹುಲ್ಲು ಕೆದಕಿದರು. ಎರಡು ಸಿಬರು ಹಾರಿ ಆಚೆ ಕೂತವು. ಅವನ್ನೇ ನೋಡುತ್ತ ಹೇಳಿದರು. “ಹೇಳಲ್ಲ ಅಂತ ನಿಮಗೆ ಹೇಳಿದ್ದೆ. ನೀವೇ ಹೇಳ್ತೀರೇನೋ ಅಂತ ಸ್ವಲ್ಪ ಹೊತ್ತು ಕಾದೆ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ ಹೇಳಿ ಹೊರಟುಹೋದರು. ಆ ಮಾತಿಗೆ ಅವರ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಮುಂದಿನ ವರ್ಷಗಳಲ್ಲಿ ಆ ಹುಳ ಕನಕಪುರ, ಮಾಗಡಿ ಎನ್ನದೆ ಎಲ್ಲ ಕಡೆಯೂ ಕಾಣಿಸಿತು. ಅಲ್ಲಿಗೆಲ್ಲ ಇವರು ಚೀಲದಲ್ಲಿ ಹೊತ್ತು ಹೋದರೇನು? ಜೀಪಿನಲ್ಲಿ ದೊಡ್ಡವರು ಬಂದರು. ತುದಿ ಚಿವುಟಿ, ಸೋಪಿನ ನೀರಿಗೆ ಹಾಕಿ, ನೀರು ಹಾಯಿಸಿ ಎಂದರು. ಜೀಪಿನಲ್ಲಿ ಬಂದ ಮಾತಾದ್ದರಿಂದ ತಮ್ಮಯ್ಯ ಮೊದಲು ಚಿವುಟಿದ. ಅವನಿಗೆ ಹಾರ ಹಾಕಿ ಫೋಟೋ ತೆಗೆದರು. ಆ ಫೋಟೋ ಇನ್ನೂ ಅವನ ಮನೆಯ ಗೋಡೆಯಲ್ಲಿದೆ. ಊರಿನಲ್ಲಿ ಮಾತ್ರ ಹುಳ ತಂದವನು ಚಿಟ್ಟೆ ಸಾಹೇಬ ಎಂಬ ಮಾತು ಹಾಗೇ ಉಳಿಯಿತು. ತಿದ್ದಬಲ್ಲವಳು ನಾನೊಬ್ಬಳು. ನಾನು ಸೊಪ್ಪು ಮಾರುತ್ತಿದ್ದೆ.

ಹಾಲು ದಂಡವಾಗುತ್ತದೆ ಎಂದು ಡೈರಿಯಲ್ಲಿ ಸುಮ್ಮನಾದೆ ಎಂದು ಮೇಲೆ ಬರೆದೆ. ಅದು ಕಂಡದ್ದಲ್ಲ, ಕಟ್ಟಿ ಹೇಳಿದ ಮಾತು. ಹೆದರಿ ಸುಮ್ಮನಾದೆ. ಸೊಪ್ಪು ಮಾರುವುದು ಬಿಟ್ಟು ಎಷ್ಟೋ ವರ್ಷವಾಗಿದೆ, ಆದರೂ ಹೆದರಿದೆ. ಅಭ್ಯಾಸ.

ಮಾರನೇ ಬೆಳಿಗ್ಗೆ ಬೆಂಕಿಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಡೈರಿಗೆ ಹೋದೆ. ಕ್ಯಾನು ಕೆಳಗಿಟ್ಟೆ. ಪೊಟ್ಟಣ ತೆರೆದು ತಮ್ಮಯ್ಯನ ಮುಂದೆ ಹಿಡಿದೆ. ಚಿಟ್ಟೆ ಪುಡಿಯಾಗಿತ್ತು. ಸೂಜಿ ತುಕ್ಕು ಹಿಡಿದಿತ್ತು. ಚೀಟಿ ಸರಿಯಾಗಿತ್ತು.

“ಓದು ತಮ್ಮಯ್ಯ.”

“ಕನ್ನಡಕ ತಂದಿಲ್ಲ ಕಣಕ್ಕ. ಏನದು, ವಿಭೂತಿನಾ?”

ನಾನೇ ಓದಿದೆ. ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ. ಊರು, ಹಿಪ್ಪುನೇರಳೆ ತುದಿ ಎಲೆ, ತಾರೀಖು. “ಸಿಕ್ಕಿದ್ದು: ಚಿಕ್ಕತಾಯಮ್ಮ, ತನ್ನ ತೋಟದಲ್ಲಿ.” ಅವರು ಹಬ್ಬಕ್ಕೆ ಹೋದದ್ದು ಇದಾದ ಮೇಲೆ, ಹುಳ ಇದ್ದದ್ದು ಇದಕ್ಕೆ ಮುಂಚೆ, ನನ್ನ ತೋಟದಲ್ಲಿ, ಅವರು ತಂದದ್ದಲ್ಲ, ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಿದೆ.

ತಮ್ಮಯ್ಯ ತಲೆ ಕೆರೆದುಕೊಂಡು ಯೋಚನೆ ಮಾಡಿದ. ತಪ್ಪು ತಿಳಿದಿದ್ದೆವು ಎನ್ನುತ್ತಾನೆ ಎಂದು ಕಾದೆ.

“ಹಂಗಾರೆ ಊರ್ಗೆ ಹುಳ ತಂದೋಳು ನೀನಾ?” ಅಂದ.

ಮತ್ತೆ ಎಲ್ಲರೂ ನಕ್ಕರು. ಮೂವತ್ತು ವರ್ಷದ ಹಿಂದೆ ನಾನು ಯಾತಕ್ಕೆ ಹೆದರಿದ್ದೆನೋ ಅದು ಎರಡು ನಿಮಿಷದಲ್ಲಿ ನಡೆದುಹೋಯಿತು. ಅವರು ಯಾತರಿಂದ ನನ್ನನ್ನು ಉಳಿಸಿದ್ದರು ಎಂಬುದೂ ಅವತ್ತೇ ಪೂರಾ ತಿಳಿದದ್ದು.

“ಹೂಂ, ನಾನೇ ಅನ್ಕೊ. ಅವ್ರಲ್ಲ. ಅಷ್ಟು ನೆಪ್ಪಿಟ್ಕೊ ಸಾಕು” ಅಂದೆ. ಹಾಲು ಅಳೆಸಿ ಬಂದೆ.

ಈಗ ನಾನು ಕ್ಯಾನು ಹಿಡಿದು ಬರುವುದು ಕಂಡರೆ ಯಾರಾದರೊಬ್ಬರು “ಬಂತಪ್ಪಾ ಸುರುಳಿ ಹುಳ” ಅನ್ನುತ್ತಾರೆ. ಅನ್ನಲಿ. ಅವತ್ತು ಚಾಕಿ ಕಟ್ಟಡದ ಮುಂದೆ ನನ್ನ ತಲೆಯ ಮೇಲಿದ್ದ ಸೊಪ್ಪಿನ ಹೊರೆಗಿಂತ ಇದು ಹಗುರ.